ಕಾಸಿಗೆ ತಕ್ಕ ಪ್ರೊಸೆಸರ್ ಯಾವುದು?

‘ಐ-ಫೈವ್ ಸಾಕೇ, ಐ-ಸೆವೆನ್ ಬೇಕೇ?’ ಪಿಯುಸಿ ಫಲಿತಾಂಶ ಹೊರಬಿದ್ದು ಕಾಲೇಜು ಪ್ರವೇಶದ ಗಡಿಬಿಡಿ ಆರಂಭವಾಯಿತೆಂದರೆ, ಗಣಕ ವಿಜ್ಞಾನದ ಪಾಠ ಹೇಳುವ ನನ್ನಂಥವರು ದಿನಕ್ಕೆ ನಾಲ್ಕಾರು ಬಾರಿ ಎದುರಿಸಬೇಕಾದ ಪ್ರಶ್ನೆಯಿದು. ಕೇಳುವವರಲ್ಲಿ ಬ್ಯಾಂಕ್ ನೌಕರರಿದ್ದಾರೆ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿಯುವ ತಾಯಂದಿರಿದ್ದಾರೆ, ಊರಿನಲ್ಲಿ ಅಡಿಕೆ ಮಾರಿದ ಹಣವನ್ನು ಮಗನ ಓದಿಗೆಂದು ತೆಗೆದಿಟ್ಟ ರೈತರಿದ್ದಾರೆ. ಮಕ್ಕಳಿಗೆ ಕಡಿಮೆಯದನ್ನು ಕೊಡಿಸಿಬಿಟ್ಟೇವೇನೋ ಎಂಬ ಅಳುಕು ಎಲ್ಲರಲ್ಲೂ ಒಂದೇ. ಪ್ರಶ್ನೆಯ ಹಿಂದಿರುವ ಕಾಳಜಿ ಸಾಚಾ. ಆದರೆ ಪ್ರಶ್ನೆಯೇ ದಾರಿ ತಪ್ಪಿಸುವಂಥದ್ದು. ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಒಟ್ಟು ಎಷ್ಟು ಹಣದಲ್ಲಿ ಎಂಬ ಮೂರು ಸಂಗತಿಗಳನ್ನು ಬದಿಗಿರಿಸಿ, ಚೀಟಿಯ ಮೇಲಿನ ಅಂಕಿಯನ್ನಷ್ಟೇ ನೋಡಿ ಕಂಪ್ಯೂಟರ್ ಕೊಳ್ಳುವ ರೂಢಿಯು ನಮ್ಮ ಕೆಳಮಧ್ಯಮ ವರ್ಗದ ಕುಟುಂಬಗಳ ಮೇಲೆ ಅನಗತ್ಯವಾದ ಸಾಲದ ಹೊರೆಯನ್ನು ಹೊರಿಸುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾಧಾರಣ ಬೆಲೆಯ ಪ್ರೊಸೆಸರನ್ನು ವಿವೇಕದಿಂದ ಆರಿಸಿ, ಉಳಿದ ಹಣವನ್ನು ಯಂತ್ರದ ಇತರ ಅಂಗಗಳಿಗೆ ಹಾಕಿದವರೇ ಕೊನೆಗೆ ಸುಖವಾಗಿರುತ್ತಾರೆ.

ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕಾಚಾರವೆಲ್ಲ ನಡೆಯುವ ಚಿಪ್. ಯಂತ್ರದಲ್ಲಿ ಅದರ ಸ್ಥಾನವೇನೆಂದು ತಿಳಿಯಲು ಮದುವೆ ಮನೆಯ ಅಡುಗೆಯನ್ನು ನೆನೆದರೆ ಸಾಕು. ಪ್ರೊಸೆಸರಿನೊಳಗಿನ ‘ಕೋರ್’ಗಳು ಒಲೆಯ ಮುಂದೆ ನಿಂತ ಬಾಣಸಿಗರು. ರ‍್ಯಾಮ್ ಎಂದು ಕರೆಯುವ ಮೆಮೊರಿಯು ಅವರ ಕೈಗೆಟಕುವ ಕಟ್ಟೆ; ಹೆಚ್ಚಿದ ತರಕಾರಿ, ಅರೆದ ಮಸಾಲೆ ಎಲ್ಲವೂ ಅಲ್ಲಿ ಸಿದ್ಧವಾಗಿರಬೇಕು. ಕಡತಗಳನ್ನು ಕಾದಿಡುವ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ಎಂಬುದು ಉಗ್ರಾಣ. ಕಟ್ಟೆ ಇಕ್ಕಟ್ಟಾಗಿದ್ದು, ಪ್ರತಿಯೊಂದು ಸಾಮಾನಿಗೂ ದೂರದ ಉಗ್ರಾಣಕ್ಕೆ ಓಡಬೇಕಾದರೆ ಬಾಣಸಿಗರು ಎಷ್ಟು ಮಂದಿ ಇದ್ದರೇನು ಪ್ರಯೋಜನ? ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ‘ಕಂಪ್ಯೂಟರ್ ನಿಧಾನ’ ಎಂಬ ದೂರು ಕೇಳಿಬಂದಾಗ ಬಹುಪಾಲು ಸಂದರ್ಭಗಳಲ್ಲಿ ಕಾರಣವಾಗಿರುವುದು ಇಕ್ಕಟ್ಟಿನ ಕಟ್ಟೆ ಅಥವಾ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್. ಬೈಗುಳ ಮಾತ್ರ ಪ್ರೊಸೆಸರಿಗೆ.

ಈಗ ಚೀಟಿಯ ವಿಚಾರಕ್ಕೆ ಬರೋಣ. ಇಂಟೆಲ್ ಸಂಸ್ಥೆಯು ತನ್ನ ‘ಕೋರ್’ ಸಾಲಿನಲ್ಲಿ ಐ7 ಎಂಬ ಹೆಸರನ್ನು 2008ರಲ್ಲಿ, ಐ5 ಅನ್ನು 2009ರಲ್ಲಿ, ಐ3 ಅನ್ನು 2010ರಲ್ಲಿ ಮಾರುಕಟ್ಟೆಗೆ ತಂದಿತು. ಎಎಂಡಿ ಸಂಸ್ಥೆ 2017ರಲ್ಲಿ ‘ರೈಜೆನ್’ ಆರಂಭಿಸಿದಾಗ ಅದೇ 3, 5, 7ರ ಕ್ರಮವನ್ನು ಅನುಸರಿಸಿತು. ಈ ಅಂಕಿಗಳು ಒಂದೇ ಪೀಳಿಗೆಯೊಳಗಿನ ಮೇಲುಕೀಳನ್ನಷ್ಟೇ ಸೂಚಿಸುತ್ತವೆ. ಪೀಳಿಗೆ ಬದಲಾದರೆ ಲೆಕ್ಕವೆಲ್ಲ ತಲೆಕೆಳಗು. ಈ ಒಂದು ಸಂಗತಿ ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಮಾರುವವರು ತಿಳಿಸುವ ಗೋಜಿಗೆ ಹೋಗುವುದಿಲ್ಲ.

ನನಗೆ ಪರಿಚಿತರಾದ ಆಟೊ ಚಾಲಕರೊಬ್ಬರು ಮಗಳ ಬಿ.ಕಾಂ. ಓದಿಗೆಂದು 2024ರ ಕೊನೆಯಲ್ಲಿ ಕಂತಿನ ಮೇಲೆ ಬಳಸಿದ ಲ್ಯಾಪ್‌ಟಾಪೊಂದನ್ನು ಕೊಂಡರು. ‘ಐ-ಸೆವೆನ್ ಸಾರ್, ಟಾಪ್ ಮಾಡೆಲ್’ ಎಂದು ಅಂಗಡಿಯಾತ ಭರವಸೆ ಕೊಟ್ಟಿದ್ದ. ಚೀಟಿಯೂ ಹಾಗೆಯೇ ಹೇಳುತ್ತಿತ್ತು. ಪೂರ್ಣ ಸಂಖ್ಯೆಯನ್ನು ತೆಗೆದು ನೋಡಿದರೆ ಅದು ಐ7-7500ಯು. ಅಂದರೆ 2016ರಲ್ಲಿ ಬಂದ ಏಳನೇ ಪೀಳಿಗೆಯ ಚಿಪ್. ಅದರಲ್ಲಿರುವುದು ಎರಡೇ ಕೋರ್. 2022ರಲ್ಲಿ ಬಂದ ಐ3-1215ಯು ಎಂಬ ‘ಕೆಳದರ್ಜೆ’ಯ ಚಿಪ್‌ನಲ್ಲಿ ಎರಡು ದೊಡ್ಡ, ನಾಲ್ಕು ಸಣ್ಣ ಕೋರ್‌ಗಳು ಸೇರಿ ಒಟ್ಟು ಆರು ಇವೆ, ಒಂದೊಂದು ದೊಡ್ಡ ಕೋರ್ ಕೂಡ ಹಳೆಯದಕ್ಕಿಂತ ಬಹಳ ಚುರುಕು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ ಇಂಟೆಲ್‌ನ ಎಂಟನೇ ಪೀಳಿಗೆಯಿಂದೀಚಿನ ಚಿಪ್‌ಗಳಿಗಷ್ಟೇ ಸ್ಥಾನ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹೀಗಾಗಿ ಕಂತು ತೀರುವ ಮೊದಲೇ ಯಂತ್ರಕ್ಕೆ ಮುಪ್ಪು ಬಂದಿತ್ತು. ಅಂಗಡಿಯಾತ ಸುಳ್ಳು ಹೇಳಿದನೇ? ಇಲ್ಲ. ಅರ್ಧ ನಿಜ ಹೇಳಿದ. ಆ ಮನೆಯವರು ತೆತ್ತದ್ದು ಉಳಿದರ್ಧದ ಬೆಲೆ.

ಹಾಗಾದರೆ ಪೀಳಿಗೆಯ ಸಂಖ್ಯೆಯನ್ನು ಕೇಳಿಕೊಂಡರೆ ಸಾಕಲ್ಲವೇ ಎಂದು ಓದುಗರು ಕೇಳಬಹುದು. ಅದೂ ಪೂರ್ತಿ ಸಾಲದು. ಎಎಂಡಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎಂಬ ಎರಡು ಲ್ಯಾಪ್‌ಟಾಪ್ ಚಿಪ್‌ಗಳನ್ನು ನೋಡಿ. ಎರಡೂ ‘ರೈಜೆನ್ 5’, ಎರಡೂ ಏಳು ಸಾವಿರದ ಸಾಲಿನವು, ನಡುವೆ ಇರುವುದು ಹತ್ತರ ವ್ಯತ್ಯಾಸ. ಆದರೆ ಮೊದಲನೆಯದು 2019ರಲ್ಲಿ ಬಳಕೆಗೆ ಬಂದ ‘ಜೆನ್ 2’ ವಿನ್ಯಾಸದ ನಾಲ್ಕು ಕೋರ್‌ಗಳ ಚಿಪ್; ಎರಡನೆಯದು 2020ರ ‘ಜೆನ್ 3’ ವಿನ್ಯಾಸದ ಆರು ಕೋರ್‌ಗಳದು. ಆ ಸಾಲಿನಲ್ಲಿ ವಿನ್ಯಾಸದ ಗುಟ್ಟು ಅಡಗಿರುವುದು ಮೂರನೆಯ ಅಂಕಿಯಲ್ಲಿ. ಮೊದಲ ಅಂಕಿ ಹೇಳುವುದು ಮಾರಾಟದ ವರ್ಷವನ್ನಷ್ಟೇ. ಇಂಟೆಲ್ ಕೂಡ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಅದರ ಐ3-ಎನ್305 ಎಂಬ ಚಿಪ್‌ನಲ್ಲಿ ಎಂಟು ಕೋರ್‌ಗಳಿವೆ. ಆದರೆ ಎಂಟೂ ವಿದ್ಯುತ್ ಉಳಿಸಲೆಂದು ರೂಪಿಸಿದ ಸಣ್ಣ ಕೋರ್‌ಗಳು. ಎಂಟು ಆರಕ್ಕಿಂತ ದೊಡ್ಡದೆಂದು ಎಣಿಸಿ ಹೋದವರು ಅಲ್ಲಿಯೂ ಏಮಾರುತ್ತಾರೆ. ಇದು ಸಾಲದೆಂಬಂತೆ, ಪೆಂಟಿಯಂ ಮತ್ತು ಸೆಲೆರಾನ್ ಎಂಬ ಹಳೆಯ ಹೆಸರುಗಳನ್ನು ಲ್ಯಾಪ್‌ಟಾಪ್‌ಗಳಲ್ಲಿ ಕೈಬಿಡುವುದಾಗಿ ಇಂಟೆಲ್ 2022ರಲ್ಲಿ ಪ್ರಕಟಿಸಿತು. 2023ರಲ್ಲಿ ‘ಐ’ ಅಕ್ಷರವನ್ನೇ ಬಿಟ್ಟು ‘ಕೋರ್’, ‘ಕೋರ್ ಅಲ್ಟ್ರಾ’ ಎಂಬ ಹೊಸ ನಾಮಕರಣಕ್ಕೆ ಮುಂದಾಯಿತು. ವೃತ್ತಿಯಿಂದ ಇದನ್ನೇ ಗಮನಿಸುವ ನಾವೇ ಪಟ್ಟಿ ತೆರೆದು ನೋಡಬೇಕಾದ ಸ್ಥಿತಿಯಿರುವಾಗ ಸಾಮಾನ್ಯ ಗ್ರಾಹಕರ ಪಾಡೇನು?

‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಗಾದೆಯನ್ನು ನಾವೆಲ್ಲ ನಂಬಿದ್ದೇವೆ. ಬೆಲೆ ಏರಿದಂತೆ ಗುಣವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆಂಬ ಭಾವನೆ ಅದರಲ್ಲಿದೆ. ಪ್ರೊಸೆಸರ್ ಲೋಕದಲ್ಲಿ ಈ ಗಾದೆ ಒಂದು ಹಂತದವರೆಗೆ ಮಾತ್ರ ನಿಜ. ಇಂಟೆಲ್‌ನ ಹನ್ನೆರಡನೇ ಪೀಳಿಗೆಯನ್ನೇ ತೆಗೆದುಕೊಳ್ಳೋಣ. 2021ರ ಕೊನೆಯಲ್ಲಿ ಬಂದ ಐ9-12900ಕೆ ಚಿಪ್‌ಗೆ ತಯಾರಕರು ಪ್ರಕಟಿಸಿದ ಬೆಲೆ 589 ಡಾಲರ್. 2022ರ ಆರಂಭದಲ್ಲಿ ಬಂದ ಐ3-12100ಕ್ಕೆ 122 ಡಾಲರ್. ಬೆಲೆಯಲ್ಲಿ ಹೆಚ್ಚುಕಡಿಮೆ ಐದು ಪಟ್ಟು ಅಂತರ. ಆದರೆ ಐ3ಯಲ್ಲಿರುವ ನಾಲ್ಕು ಕೋರ್‌ಗಳು ಐ9ರ ದೊಡ್ಡ ಕೋರ್‌ಗಳ ವಿನ್ಯಾಸದವೇ. ಗರಿಷ್ಠ ವೇಗ ಒಂದರದು 5.2 ಗಿಗಾಹರ್ಟ್ಸ್, ಇನ್ನೊಂದರದು 4.3, ಅಂದರೆ ಐದನೇ ಒಂದು ಭಾಗದಷ್ಟು ಹೆಚ್ಚು. ಪತ್ರ ಬರೆಯುವುದು, ಲೆಕ್ಕದ ಹಾಳೆ ತುಂಬುವುದು, ಅಂತರಜಾಲ ನೋಡುವುದು, ಟ್ಯಾಲಿಯಲ್ಲಿ ಖಾತೆ ಬರೆಯುವುದು ಮುಂತಾದ ಕೆಲಸಗಳು ಬಹುಮಟ್ಟಿಗೆ ಒಂದೆರಡು ಕೋರ್‌ಗಳ ಚುರುಕನ್ನೇ ಅವಲಂಬಿಸಿವೆ. ಅಲ್ಲಿ ಐ9ರ ಹದಿನಾರು ಕೋರ್‌ಗಳಲ್ಲಿ ಹೆಚ್ಚಿನವು ಕೈಕಟ್ಟಿ ಕೂತಿರುತ್ತವೆ. ಹತ್ತು ಜನರ ಊಟಕ್ಕೆ ಹದಿನಾರು ಬಾಣಸಿಗರನ್ನು ಕರೆಸಿದಂತೆ!

ಅಗ್ಗದ ಚಿಪ್ ಎಂದರೆ ಕಳಪೆ ಚಿಪ್ ಎಂಬ ಶಂಕೆಯೂ ಬೇಡ. ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳು ಒಟ್ಟಿಗೆ ಮೂಡುತ್ತವೆ. ಎಲ್ಲವೂ ಒಂದೇ ಸಮನಾಗಿ ಬರುವುದಿಲ್ಲ. ಕೆಲವು ಹೆಚ್ಚು ವೇಗ ತಾಳುತ್ತವೆ, ಕೆಲವು ಕಡಿಮೆ; ಕೆಲವದರಲ್ಲಿ ಒಂದೆರಡು ಕೋರ್ ಅಥವಾ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಕೆಟ್ಟಿರುತ್ತದೆ. ಕೆಟ್ಟ ಭಾಗವನ್ನು ಮುಚ್ಚಿ, ಉಳಿದದ್ದನ್ನು ಪರೀಕ್ಷಿಸಿ, ಕಡಿಮೆ ದರ್ಜೆಯ ಹೆಸರಿನಲ್ಲಿ ಮಾರುವುದು ಈ ಉದ್ಯಮದ ದೀರ್ಘಕಾಲದ ಕ್ರಮ. ಉಳಿದ ಭಾಗ ತನ್ನ ಕೆಲಸದಲ್ಲಿ ಯಾವುದಕ್ಕೂ ಕಡಿಮೆಯಿರುವುದಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ‘ಅಸೆಂಬಲ್ಡ್’ ಕಂಪ್ಯೂಟರ್ ಕಟ್ಟಿಸಿಕೊಳ್ಳುತ್ತಿದ್ದ ತಲೆಮಾರಿಗೆ ಸೆಲೆರಾನ್ 300ಎ ನೆನಪಿರಬಹುದು. 1998ರ ಏಪ್ರಿಲ್‌ನಲ್ಲಿ ಬಂದ ಮೊದಲ ಸೆಲೆರಾನ್‌ಗೆ ಎರಡನೇ ಹಂತದ ಕ್ಯಾಶ್ ಇರಲಿಲ್ಲ, ಅದು ನಗೆಪಾಟಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ 300ಎ ಚಿಪ್‌ನೊಳಗೇ 128 ಕೆಬಿ ಕ್ಯಾಶ್ ಇತ್ತು. ಅದು ಬಹಳ ದುಬಾರಿಯಾದ ಪೆಂಟಿಯಂ 2ರ ಹತ್ತಿರ ಹತ್ತಿರ ಓಡಿತು. 2001ರಲ್ಲಿ ಎಎಂಡಿಯ ಅಥ್ಲಾನ್ ಎಕ್ಸ್‌ಪಿ 1800+ ಕೇವಲ 1.53 ಗಿಗಾಹರ್ಟ್ಸ್‌ನಲ್ಲಿ ಓಡುತ್ತಲೇ ಹೆಚ್ಚು ಗಿಗಾಹರ್ಟ್ಸ್‌ನ ಪೆಂಟಿಯಂ 4ಕ್ಕೆ ಸವಾಲೆಸೆಯಿತು. ಗಿಗಾಹರ್ಟ್ಸ್ ಒಂದೇ ಅಳತೆಗೋಲಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು. 2017ರಲ್ಲಿ ರೈಜೆನ್ ಬಂದು ಪೈಪೋಟಿ ಬಿಸಿಯೇರಿದಾಗ, ಅದುವರೆಗೆ ಎರಡೇ ಕೋರ್‌ಗಳಿದ್ದ ಮೇಜುಗಣಕದ ಐ3ಗೆ ನಾಲ್ಕು, ನಾಲ್ಕಿದ್ದ ಐ5ಗೆ ಆರು ಕೋರ್‌ಗಳು ಅದೇ ವರ್ಷ ದೊರೆತವು. ಪೈಪೋಟಿಯ ಲಾಭ ದೊಡ್ಡದಾಗಿ ತಲುಪಿದ್ದು ಕೆಳಹಂತದ ಗ್ರಾಹಕರಿಗೇ. ಆದ್ದರಿಂದ ಒಂದೇ ಸಂಸ್ಥೆಗೆ ನಿಷ್ಠೆ ತೋರುವುದರಲ್ಲಿ ಅರ್ಥವಿಲ್ಲ. ಕೊಳ್ಳುವ ದಿನ ಎರಡೂ ಸಂಸ್ಥೆಗಳ ಚಿಪ್‌ಗಳ ಬೆಲೆ ಕೇಳಬೇಕು.

ಇನ್ನು ವ್ಯವಹಾರದ ಮಾತು. ಮನೆಯ ಮೇಜಿನ ಮೇಲಿಡುವ ಕಂಪ್ಯೂಟರಿಗೆ ಇಂದಿಗೂ ನಾನು ಧೈರ್ಯವಾಗಿ ಸೂಚಿಸುವುದು ಒಂದೆರಡು ಪೀಳಿಗೆ ಹಿಂದಿನ, ಆದರೆ ಹೊಸದಾಗಿ ಖಾತರಿಯೊಂದಿಗೆ ಸಿಗುವ ಚಿಪ್‌ಗಳನ್ನು. 2021ರ ರೈಜೆನ್ 5 5600ಜಿಯಲ್ಲಿ ಆರು ಕೋರ್‌ಗಳಿವೆ, ಗ್ರಾಫಿಕ್ಸ್ ಒಳಗೇ ಇದೆ. ಮೇಲೆ ಹೇಳಿದ ಐ3-12100 ಕೂಡ ಅಂಥದ್ದೇ. ಕಾಲೇಜಿನ ಪ್ರೋಗ್ರಾಮಿಂಗ್ ಅಭ್ಯಾಸ, ಆನ್‌ಲೈನ್ ತರಗತಿ, ಕಚೇರಿ ಕೆಲಸ, ಸಿನಿಮಾ ನೋಡುವುದು ಇವೆಲ್ಲಕ್ಕೂ ಇವು ಧಾರಾಳವಾಗಿ ಸಾಕು. ಆದರೆ ಒಂದು ಎಚ್ಚರಿಕೆ: 12100ಎಫ್ ಎಂದು ‘ಎಫ್’ ಸೇರಿಕೊಂಡಿದ್ದರೆ, ಅಥವಾ 5600 ಎಂಬುದರ ಮುಂದೆ ‘ಜಿ’ ಇಲ್ಲದಿದ್ದರೆ, ಆ ಚಿಪ್‌ನಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಹಾಕದ ಹೊರತು ಪರದೆಯಲ್ಲಿ ಏನೂ ಮೂಡದು. ಸ್ವಲ್ಪ ಅಗ್ಗವೆಂದು ಅದನ್ನು ಕೊಂಡು, ಆಮೇಲೆ ಕಾರ್ಡಿಗೆ ಹಲವು ಪಟ್ಟು ತೆತ್ತವರಿದ್ದಾರೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಯಂತ್ರದಲ್ಲಿ ಒಟ್ಟು ಹಣದ ಕಾಲು ಭಾಗಕ್ಕಿಂತ ಹೆಚ್ಚು ಪ್ರೊಸೆಸರಿಗೆ ಹೋಗಬಾರದೆಂಬುದು ನಾನು ಪಾಲಿಸುವ ಲೆಕ್ಕ. ಉಳಿದದ್ದರಲ್ಲಿ ಮೊದಲ ಹಕ್ಕು ಮೆಮೊರಿಯದು: 8 ಜಿಬಿ ಕನಿಷ್ಠ, 16 ಜಿಬಿ ನೆಮ್ಮದಿ. ಒಳಗಿನ ಗ್ರಾಫಿಕ್ಸನ್ನೇ ನಂಬಿದ ಚಿಪ್‌ಗಳಿಗೆ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಮೇಲು. ದತ್ತಾಂಶ ಎರಡು ದಾರಿಗಳಲ್ಲಿ ಹರಿಯುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ, ಮೆಮೊರಿ ಬೆಲೆ ವಿಪರೀತವಾಗಿ ಏರಿತು. ಪ್ರೊಸೆಸರಿನಲ್ಲಿ ಮಿತವ್ಯಯ ಮಾಡಲು ಇದು ಇನ್ನೊಂದು ಕಾರಣವೇ ಹೊರತು ಮೆಮೊರಿಯನ್ನು ಮೊಟಕುಗೊಳಿಸಲು ನೆಪವಲ್ಲ. ಎರಡನೆಯ ಹಕ್ಕು ಎಸ್‌ಎಸ್‌ಡಿಯದು. ಮೂರನೆಯದು, ವಿದ್ಯುತ್ ಕಣ್ಣಾಮುಚ್ಚಾಲೆಯಾಡುವ ನಮ್ಮ ಬಡಾವಣೆಗಳಲ್ಲಿ, ಒಳ್ಳೆಯ ಪವರ್ ಸಪ್ಲೈ ಮತ್ತು ಯುಪಿಎಸ್‌ನದು.

ಮಿತವ್ಯಯಕ್ಕೂ ಒಂದು ತಳವಿದೆ ಎಂಬುದನ್ನು ಮರೆಯಬಾರದು. 4 ಜಿಬಿ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕಿದ, ಮುಂದೆ ಹೆಚ್ಚಿಸಲು ಅವಕಾಶವೇ ಇಲ್ಲದ ಲ್ಯಾಪ್‌ಟಾಪ್ ಎಷ್ಟೇ ಅಗ್ಗವಾದರೂ ದುಬಾರಿಯೇ. 2023ರಲ್ಲಿ ಬಂದ ಇಂಟೆಲ್ ಎನ್100ರಂಥ ನಾಲ್ಕು ಸಣ್ಣ ಕೋರ್‌ಗಳ ಚಿಪ್ ಅಂಗಡಿಯ ಬಿಲ್ಲಿಂಗಿಗೆ, ಗ್ರಂಥಾಲಯದ ಪಟ್ಟಿ ನೋಡುವುದಕ್ಕೆ, ಅಜ್ಜ-ಅಜ್ಜಿಯರ ವೀಡಿಯೊ ಕರೆಗೆ ಒಳ್ಳೆಯದು. ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿಗೆ ಅದು ಸಾಲದು. ಇನ್ನು, ವಿಂಡೋಸ್ 11 ಒಪ್ಪದ ಹಳೆಯ ಯಂತ್ರ ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುನ್ನ ಎಸ್‌ಎಸ್‌ಡಿ ಜೋಡಿಸಿ ಲಿನಕ್ಸ್ ಹಾಕಿ ನೋಡುವುದು ಮೇಲು. ಉಬುಂಟು ಮುಂತಾದವು ಉಚಿತವಾಗಿ ದೊರೆಯುತ್ತವೆ; ಕನ್ನಡದಲ್ಲಿ ಬರೆಯಲೂ ಬರುತ್ತದೆ. ಎಷ್ಟೋ ವಿದ್ಯಾರ್ಥಿಗಳಿಗೆ ಹೊಸ ಪ್ರೊಸೆಸರಿನ ಅಗತ್ಯವೇ ಇರುವುದಿಲ್ಲ.

‘ನಾಳೆಗೆ ಬೇಕಾದೀತು, ಈಗಲೇ ದೊಡ್ಡದು ಕೊಳ್ಳೋಣ’ ಎಂಬ ವಾದವನ್ನು ನಾನು ಲಘುವಾಗಿ ಕಾಣುವುದಿಲ್ಲ. ಜೀವಮಾನದಲ್ಲಿ ಒಮ್ಮೆಯೋ ಎರಡು ಬಾರಿಯೋ ಕಂಪ್ಯೂಟರ್ ಕೊಳ್ಳುವ ಮನೆಗಳಲ್ಲಿ ಅದು ಸಹಜವಾದ ಯೋಚನೆ. ಆದರೆ ಇಂದು ಬಳಸದ ಸಾಮರ್ಥ್ಯಕ್ಕೆ ಇಂದಿನ ಬೆಲೆ ತೆರುವುದು ನಷ್ಟದ ವ್ಯಾಪಾರ. ಅದೇ ಸಾಮರ್ಥ್ಯ ಕೆಲವು ವರ್ಷಗಳ ಬಳಿಕ ಕೆಳದರ್ಜೆಯ ಚಿಪ್‌ನಲ್ಲೇ ಸಿಗುತ್ತದೆಂಬುದಕ್ಕೆ ಮೇಲಿನ ಐ7, ಐ3ಗಳ ಹೋಲಿಕೆಯೇ ಸಾಕ್ಷಿ. ಮೇಜುಗಣಕದಲ್ಲಾದರೆ ಚಿಪ್ಪನ್ನಷ್ಟೇ ಬದಲಿಸಲೂ ಸಾಧ್ಯ. ಎಎಂಡಿಯ ಎಎಂ4 ಸಾಕೆಟ್ ಇರುವ 2017ರ ಎಷ್ಟೋ ಬೋರ್ಡುಗಳು ಬಯೋಸ್ ನವೀಕರಿಸಿದ ಮೇಲೆ 2022ರ ಚಿಪ್ಪನ್ನೂ ಒಪ್ಪಿಕೊಂಡವು. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಿಸಲಾಗದು, ನಿಜ. ಅಲ್ಲಿ ನಾಳೆಯ ಚಿಂತೆ ಇದ್ದವರು ಮೆಮೊರಿ ಹೆಚ್ಚಿಸಲು ಖಾಲಿ ಜಾಗವಿದೆಯೇ ಎಂದು ಮೊದಲು ನೋಡಲಿ. ವೀಡಿಯೊ ಸಂಕಲನ, ಮೂರು ಆಯಾಮದ ವಿನ್ಯಾಸ, ದೊಡ್ಡ ತಂತ್ರಾಂಶಗಳ ನಿರ್ಮಾಣ ಇವುಗಳಲ್ಲಿ ಹೊಟ್ಟೆ ಹೊರೆಯುವವರ ಮಾತು ಬೇರೆ. ಅವರಿಗೆ ಹೆಚ್ಚು ಕೋರ್‌ಗಳು ಬಂಡವಾಳ. ಉಳಿಸಿದ ಪ್ರತಿ ಗಂಟೆಗೂ ಅಲ್ಲಿ ಬೆಲೆಯಿದೆ.

ಇಷ್ಟೆಲ್ಲವನ್ನೂ ಪ್ರತಿಯೊಬ್ಬ ತಂದೆತಾಯಿ ಕಲಿತೇ ಅಂಗಡಿಗೆ ಹೋಗಬೇಕೇ? ಹಾಗೆ ನಿರೀಕ್ಷಿಸುವುದು ನ್ಯಾಯವಲ್ಲ. ಕೆಲವು ಖಾಸಗಿ ಕಾಲೇಜುಗಳು ಪ್ರವೇಶ ಪಡೆದವರ ಕೈಗೆ ‘ಐ-ಸೆವೆನ್ ಕಡ್ಡಾಯ’ ಎಂಬ ಪಟ್ಟಿಯನ್ನು ಕೊಡುವುದನ್ನು ನಾನು ಕಂಡಿದ್ದೇನೆ. ಯಾವ ಪೀಳಿಗೆಯದೆಂದು ಆ ಪಟ್ಟಿ ಹೇಳುವುದಿಲ್ಲ, ಮೆಮೊರಿಯ ಮಾತಿಲ್ಲ. ಸಿ, ಪೈಥಾನ್ ಭಾಷೆಗಳ ಮೊದಲ ಪಾಠಗಳಿಗೆ ಐ7 ಏಕೆ ಬೇಕೆಂದು ಕೇಳಿದರೆ ಉತ್ತರವೂ ಇಲ್ಲ. ಪಠ್ಯಕ್ರಮದ ಯಾವ ತಂತ್ರಾಂಶಕ್ಕೆ ಕನಿಷ್ಠ ಏನು ಬೇಕೆಂದು ವಿಭಾಗದ ಅಧ್ಯಾಪಕರು ಒಂದು ಪುಟದಲ್ಲಿ ಬರೆದುಕೊಡಲಿ. ಭಾರಿ ಲೆಕ್ಕಾಚಾರದ ಕೆಲಸಕ್ಕೆ ಪ್ರಯೋಗಾಲಯದ ಯಂತ್ರಗಳನ್ನು ಸಂಜೆಯವರೆಗೆ ತೆರೆದಿಡಲಿ. ಕಾಲೇಜು ಮಾಡಬೇಕಾದ ಹೂಡಿಕೆಯನ್ನು ವಿದ್ಯಾರ್ಥಿಯ ಮನೆಯ ಸಾಲಕ್ಕೆ ವರ್ಗಾಯಿಸುವುದು ಶಿಕ್ಷಣ ನೀತಿಯಾಗಲಾರದು.

ಸರ್ಕಾರಕ್ಕೂ ಇಲ್ಲಿ ಪಾತ್ರವಿದೆ. ವಸ್ತುವಿನ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕರ ಹಕ್ಕೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಇಂಧನ ದಕ್ಷತಾ ಬ್ಯೂರೊ 2006ರಲ್ಲಿ ಆರಂಭಿಸಿದ ನಕ್ಷತ್ರದ ಚೀಟಿಯಿಂದಾಗಿ ಫ್ರಿಜ್ ಕೊಳ್ಳುವಾಗ ನಕ್ಷತ್ರ ಎಣಿಸುವುದನ್ನು ನಮ್ಮ ಜನ ಕಲಿತರು. ಕಂಪ್ಯೂಟರಿಗೂ ಅಂಥದೊಂದು ಸರಳ ಚೀಟಿ ಬರಲಿ: ಪ್ರೊಸೆಸರಿನ ಪೂರ್ಣ ಸಂಖ್ಯೆ, ಅದು ಮಾರುಕಟ್ಟೆಗೆ ಬಂದ ವರ್ಷ, ದೊಡ್ಡ ಮತ್ತು ಸಣ್ಣ ಕೋರ್‌ಗಳೆಷ್ಟು, ಮೆಮೊರಿ ಹೆಚ್ಚಿಸಬಹುದೇ ಎಂಬ ನಾಲ್ಕು ಸಾಲು, ಕನ್ನಡದಲ್ಲಿಯೂ. ಬಳಸಿದ ಯಂತ್ರ ಮಾರುವವರಿಗೆ ಇದು ಇನ್ನೂ ಕಡ್ಡಾಯವಾಗಬೇಕು. ಎಎಂಡಿ ತನ್ನ ಜಗತ್ತಿನಲ್ಲೇ ಅತಿ ದೊಡ್ಡದಾದ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಇಂಟೆಲ್‌ನ ಎಂಜಿನಿಯರುಗಳೂ ಈ ನಗರದಲ್ಲಿ ಚಿಪ್ ವಿನ್ಯಾಸ ಮಾಡುತ್ತಾರೆ. ಇಲ್ಲಿಯೇ ರೂಪುಗೊಳ್ಳುವ ವಸ್ತುವಿನ ಬಗ್ಗೆ ಇಲ್ಲಿನ ಗ್ರಾಹಕರಿಗೇ ತಿಳಿವಳಿಕೆಯಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಅಲ್ಲವೇ?

ಅಂಥ ಚೀಟಿ ಬರುವವರೆಗೆ ಗ್ರಾಹಕರು ಸುಮ್ಮನಿರಬೇಕಾಗಿಲ್ಲ. ಅಂಗಡಿಯಲ್ಲಿ ಈ ನಾಲ್ಕನ್ನು ಬಿಲ್ಲಿನ ಮೇಲೆಯೇ ಬರೆದುಕೊಡುವಂತೆ ಕೇಳುವ ಹಕ್ಕು ಇಂದೂ ಇದೆ. ಬರೆದುಕೊಡಲು ಹಿಂಜರಿಯುವ ಅಂಗಡಿಯನ್ನು ಬಿಟ್ಟು ಮುಂದಿನ ಅಂಗಡಿಗೆ ನಡೆಯುವ ಸ್ವಾತಂತ್ರ್ಯವೂ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಕಂಪ್ಯೂಟರ್ ಕೊಳ್ಳುವಾಗ ಹಾಸಿಗೆಯ ಅಳತೆಯ ಜತೆಗೆ ಕಾಲಿನ ಅಳತೆಯನ್ನೂ ತೆಗೆದುಕೊಂಡು ಹೋಗಬೇಕು. ಮಗಳು ಏನು ಓದುತ್ತಾಳೆ, ಯಾವ ತಂತ್ರಾಂಶ ಬಳಸುತ್ತಾಳೆ, ಯಂತ್ರ ಎಷ್ಟು ವರ್ಷ ಬಾಳಬೇಕು ಎಂಬುದನ್ನು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದವರಿಗೆ ಚೀಟಿಯ ಅಂಕಿ ಮೋಸ ಮಾಡಲಾರದು. ಹಾಗೆ ಉಳಿದ ಹಣ ಒಂದು ಸೆಮಿಸ್ಟರಿನ ಪುಸ್ತಕಗಳಿಗಾದರೂ ಆದೀತು.